ಬಹುಜನರ ಮೆಚ್ಚುಗೆ ಸತ್ಯಕ್ಕೆ ಅಳತೆಗೋಲೇ?

ಅರಳಿಕಟ್ಟೆಯ ಮೇಲೆ ಹತ್ತು ಜನ ಕುಳಿತು ಮಾತನಾಡುವಾಗ ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಕೇಳುವವರಿಗೆ ಸುಲಭವಾಗಿ ತಿಳಿಯುತ್ತದೆ. ಆಡುವವನು ಯಾರು, ಅವನ ಅನುಭವವೆಷ್ಟು, ಹಿಂದೆ ಅವನು ಹೇಳಿದುದು ನಿಜವಾಯಿತೆ ಸುಳ್ಳಾಯಿತೆ ಎಂಬುದೆಲ್ಲ ಅವರಿಗೆ ಗೊತ್ತು. ಆದರೆ ಅಂತರಜಾಲದ ಚರ್ಚಾಕೂಟದಲ್ಲಿ ಸಾವಿರಾರು ಮಂದಿ, ಒಬ್ಬರ ಮುಖವನ್ನೊಬ್ಬರು ಕಾಣದೆ, ಹಗಲೂ ರಾತ್ರಿಯೂ ಬರೆಯುತ್ತಿರುತ್ತಾರೆ. ಅಲ್ಲಿ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುವ ಬಗೆ ಹೇಗೆ?

ಇದಕ್ಕಾಗಿ ಅನೇಕ ಕೂಟಗಳು ಒಂದು ಸರಳ ವಿಧಾನವನ್ನು ಅನುಸರಿಸುತ್ತಿವೆ. ಓದಿದ ಸದಸ್ಯನು ಬರಹವನ್ನು ಮೆಚ್ಚಿದರೆ ಅದಕ್ಕೆ ಒಂದು ಧನಾಂಕವನ್ನೂ ಮೆಚ್ಚದಿದ್ದರೆ ಒಂದು ಋಣಾಂಕವನ್ನೂ ಕೊಡಬಹುದು. ಮೊತ್ತ ಹೆಚ್ಚಾದ ಬರಹ ಮೇಲಕ್ಕೇರುತ್ತದೆ. ಕಡಿಮೆಯಾದುದು ಕೆಳಗಿಳಿದು ಕೊನೆಗೆ ಕಣ್ಣಿಗೆ ಬೀಳದೆ ಹೋಗುತ್ತದೆ. ಈ ಅಧಿಕಾರವನ್ನು ಸದಸ್ಯರಿಗೆ ಕೊಡುವುದು ಉಚಿತವೇ? ಇದು ಪ್ರಜಾಪ್ರಭುತ್ವವೆಂದು ಕೆಲವರು ಹೇಳುತ್ತಾರೆ. ಗುಂಪಿನ ದಬ್ಬಾಳಿಕೆಯೆಂದು ಇನ್ನು ಕೆಲವರು. ವಾದವನ್ನು ಬದಿಗಿಟ್ಟು ಗಣಿತವೂ ಪ್ರಯೋಗವೂ ಏನು ಹೇಳುತ್ತವೆಂಬುದನ್ನು ನೋಡೋಣ.

ಎತ್ತಿನ ತೂಕ

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಪಟ್ಟಣದಲ್ಲಿ ದನಗಳ ಪ್ರದರ್ಶನವೊಂದು ನಡೆಯಿತು. ಅಲ್ಲಿ ಕೊಬ್ಬಿದ ಎತ್ತೊಂದನ್ನು ನಿಲ್ಲಿಸಿ, ಅದನ್ನು ಕಡಿದು ಹಸನುಮಾಡಿದ ಮೇಲೆ ಎಷ್ಟು ತೂಗೀತೆಂದು ಊಹಿಸುವ ಪಂದ್ಯವನ್ನು ಏರ್ಪಡಿಸಿದ್ದರು. ಆರು ಪೆನ್ನಿ ಕೊಟ್ಟು ಚೀಟಿ ಕೊಂಡವರು ತಮ್ಮ ಊಹೆಯನ್ನು ಅದರಲ್ಲಿ ಬರೆದುಕೊಡಬೇಕಾಗಿದ್ದಿತು. ಕಟುಕರೂ ರೈತರೂ ಇದ್ದಂತೆಯೇ ದನದ ವಿಷಯ ಹೆಚ್ಚು ತಿಳಿಯದವರೂ ಅದರಲ್ಲಿ ಸೇರಿದ್ದರು. ಪಂದ್ಯ ಮುಗಿದ ಬಳಿಕ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನು ತರಿಸಿಕೊಂಡು ಪರೀಕ್ಷಿಸಿದನು. ಕೆಲಸಕ್ಕೆ ಬಾರದವನ್ನು ತೆಗೆದುಹಾಕಿದ ಮೇಲೆ 787 ಚೀಟಿಗಳು ಉಳಿದವು. ಅವುಗಳಲ್ಲಿದ್ದ ಸಂಖ್ಯೆಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿ ನಟ್ಟನಡುವಿನದನ್ನು ನೋಡಲು ಅದು 1207 ಪೌಂಡು ಆಗಿದ್ದಿತು. ಎತ್ತಿನ ನಿಜವಾದ ತೂಕ 1198 ಪೌಂಡು. ತಪ್ಪು ನೂರಕ್ಕೆ ಒಂದರಷ್ಟೂ ಇಲ್ಲ! ಗಾಲ್ಟನ್ ಈ ಸಂಗತಿಯನ್ನು 1907ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದನು.

ಇದಕ್ಕೆ ಕಾರಣವೇನು? ಒಬ್ಬನು ಹೆಚ್ಚೆಂದು ತಪ್ಪಿದರೆ ಇನ್ನೊಬ್ಬನು ಕಡಿಮೆಯೆಂದು ತಪ್ಪುತ್ತಾನೆ. ಜನ ಹೆಚ್ಚಾದಷ್ಟೂ ಈ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ.

ಇದೇ ತತ್ತ್ವದ ಇನ್ನೊಂದು ಮುಖವನ್ನು ಕಾಂಡೊರ್ಸೆ ಎಂಬ ಫ್ರೆಂಚ್ ಗಣಿತಜ್ಞನು 1785ರಲ್ಲಿಯೇ ತೋರಿಸಿದ್ದನು. ಸರಿ ಅಥವಾ ತಪ್ಪು ಎಂದು ತೀರ್ಮಾನಿಸಬೇಕಾದ ಒಂದು ಪ್ರಶ್ನೆಯಿದೆಯೆನ್ನೋಣ. ಪ್ರತಿಯೊಬ್ಬನೂ ನೂರರಲ್ಲಿ 60 ಸಲ ಸರಿಯಾಗಿ ಹೇಳಬಲ್ಲನು. ಅಂಥ ಮೂವರನ್ನು ಕೇಳಿ ಬಹುಮತವನ್ನು ಒಪ್ಪಿಕೊಂಡರೆ ನೂರಕ್ಕೆ ಸುಮಾರು 65 ಸಲ ನಾವು ಸರಿಯಾಗಿರುತ್ತೇವೆ. ಐವರನ್ನು ಕೇಳಿದರೆ 68 ಸಲ. 101 ಜನರನ್ನು ಕೇಳಿದರೆ ಸುಮಾರು 98 ಸಲ. ಸಾಧಾರಣ ಬುದ್ಧಿಯ ನೂರಾರು ಮಂದಿ ಸೇರಿದರೆ ತೀರ್ಮಾನ ಅಸಾಧಾರಣವಾಗುತ್ತದೆ!

ಆದರೆ ಲೆಕ್ಕದ ಮರುಮುಖವನ್ನು ಮರೆಯಲಾಗದು. ಪ್ರತಿಯೊಬ್ಬನೂ ನೂರರಲ್ಲಿ 40 ಸಲ ಮಾತ್ರ ಸರಿಯಾಗಿ ಹೇಳಬಲ್ಲವನಾದರೆ, 101 ಜನರ ಬಹುಮತ ನೂರಕ್ಕೆ ಎರಡೇ ಸಲ ಸರಿಯಾದೀತು. ಬಹುಮತವು ತಿಳಿವಳಿಕೆಯನ್ನು ಹೆಚ್ಚಿಸುವಂತೆ ಅಜ್ಞಾನವನ್ನೂ ಹೆಚ್ಚಿಸುತ್ತದೆ. ಎರಡನೆಯ ನಿಬಂಧನೆ ಇನ್ನೂ ಮುಖ್ಯವಾದುದು. ಪ್ರತಿಯೊಬ್ಬನೂ ಸ್ವತಂತ್ರವಾಗಿ ಯೋಚಿಸಿ ಹೇಳಬೇಕು. ಪ್ಲಿಮತ್ತಿನಲ್ಲಿ ಪ್ರತಿಯೊಬ್ಬನೂ ತನ್ನ ಚೀಟಿಯಲ್ಲಿ ತಾನೇ ಬರೆದನು. ಚರ್ಚಾಕೂಟದಲ್ಲಾದರೋ ಹಿಂದಿನವರು ಕೊಟ್ಟ ಅಂಕಗಳ ಮೊತ್ತ ಓದುವವನ ಕಣ್ಣೆದುರಿಗೇ ಇರುತ್ತದೆ.

ಮೊದಲ ಅಂಕದ ಮಹಿಮೆ

ಇದರಿಂದ ಆಗುವ ಪರಿಣಾಮವನ್ನು ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬವರು ಪ್ರಯೋಗದಿಂದ ಅಳೆದು 2006ರಲ್ಲಿ ಪ್ರಕಟಿಸಿದರು. ಅವರು ಪ್ರಸಿದ್ಧಿಯಿಲ್ಲದ ತಂಡಗಳ 48 ಹಾಡುಗಳನ್ನು 14,341 ಜನರ ಮುಂದಿಟ್ಟರು. ಕೆಲವರಿಗೆ ಹಾಡುಗಳನ್ನು ಮಾತ್ರ ಕೊಟ್ಟರು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಆರಿಸಿಕೊಂಡಿದ್ದಾರೆಂಬುದು ಕಾಣುವಂತೆ ಮಾಡಿದರು. ಹಾಡುಗಳು ಅವೇ ಆದರೂ ಗುಂಪಿನಿಂದ ಗುಂಪಿಗೆ ಗೆದ್ದ ಹಾಡು ಬೇರೆಯಾಯಿತು. ಬಹಳ ಒಳ್ಳೆಯ ಹಾಡುಗಳು ತೀರ ಕೆಳಗಿಳಿದುದೂ ಬಹಳ ಕೆಟ್ಟವು ಮೇಲಕ್ಕೇರಿದುದೂ ಅಪರೂಪ. ಆದರೆ ನಡುವಿನವುಗಳ ಭವಿಷ್ಯವನ್ನು ಮುಂದಾಗಿ ಹೇಳುವಂತಿರಲಿಲ್ಲ. ಮೊದಲು ಬಂದವರು ಯಾವುದನ್ನು ಆರಿಸಿದರೋ ಅದರ ಹಿಂದೆ ಉಳಿದವರೂ ಹೋದರು.

ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಎಂಬವರು 2013ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು. ಸುದ್ದಿಗಳನ್ನು ಚರ್ಚಿಸುವ ಒಂದು ಕೂಟದಲ್ಲಿ ಐದು ತಿಂಗಳ ಅವಧಿಯಲ್ಲಿ ಬಂದ 1,01,281 ಬರಹಗಳಲ್ಲಿ, ಗುಣವನ್ನು ನೋಡದೆ ಚೀಟಿ ಎತ್ತಿದಂತೆ ಕೆಲವನ್ನು ಆರಿಸಿ, ಅವು ಪ್ರಕಟವಾದೊಡನೆ ಒಂದೇ ಒಂದು ಧನಾಂಕವನ್ನು ಕೊಟ್ಟರು. ಇನ್ನು ಕೆಲವಕ್ಕೆ ಒಂದು ಋಣಾಂಕ. ಧನಾಂಕ ಪಡೆದ ಬರಹವನ್ನು ಮೊದಲು ನೋಡಿದವನು ತಾನೂ ಧನಾಂಕ ಕೊಡುವ ಸಂಭವ ನೂರಕ್ಕೆ 32ರಷ್ಟು ಹೆಚ್ಚಿತು. ಕೊನೆಗೆ ಅಂಥ ಬರಹಗಳ ಮೊತ್ತ ಸರಾಸರಿ ನೂರಕ್ಕೆ 25ರಷ್ಟು ಮೇಲೇರಿತು. ಋಣಾಂಕದ ಕಥೆ ಬೇರೆಯಾಯಿತು. ಅನ್ಯಾಯವಾಗಿ ಬಿದ್ದ ಋಣಾಂಕವನ್ನು ಮುಂದೆ ಬಂದ ಓದುಗರು ಧನಾಂಕ ಕೊಟ್ಟು ಸರಿಪಡಿಸಿದರು. ಜನ ಅನ್ಯಾಯವನ್ನು ಗಮನಿಸಿ ತಿದ್ದುತ್ತಾರೆ, ಆದರೆ ಅನರ್ಹವಾದ ಹೊಗಳಿಕೆಯನ್ನು ಗಮನಿಸುವುದಿಲ್ಲವೆಂದಾಯಿತು.

ಬರೆದವನ ಮೇಲೆ ಪರಿಣಾಮ

ಅಂಕ ಕೊಡುವುದು ಬರಹಕ್ಕಾದರೂ ತಾಗುವುದು ಮನುಷ್ಯನಿಗೆ. ನಾಲ್ಕು ಸುದ್ದಿತಾಣಗಳ ಚರ್ಚೆಗಳನ್ನು ಅಭ್ಯಾಸ ಮಾಡಿ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಫಲಿತಾಂಶ ಎಚ್ಚರಿಕೆಯಿಂದ ಗಮನಿಸತಕ್ಕದ್ದು. ಋಣಾಂಕ ಪಡೆದವನು ತಿದ್ದಿಕೊಳ್ಳುವನೆಂದು ನಾವು ಎಣಿಸುತ್ತೇವೆ. ನಡೆದುದು ಹಾಗಲ್ಲ. ಅವನು ಮುಂದೆ ಇನ್ನೂ ಹೆಚ್ಚಾಗಿ ಬರೆದನು. ಆ ಬರಹಗಳ ಗುಣ ಇನ್ನೂ ತಗ್ಗಿತು. ಇತರರಿಗೂ ಹೆಚ್ಚು ಋಣಾಂಕಗಳನ್ನು ಕೊಡತೊಡಗಿದನು. ಯಾವ ಅಂಕವೂ ದೊರೆಯದವರೇ ಕೂಟವನ್ನು ಬಿಟ್ಟುಹೋಗುವ ಸಂಭವ ಹೆಚ್ಚಾಗಿದ್ದಿತು. ಗಣಿತದಲ್ಲಿ ಸಂದೇಹ ಬಂದ ವಿದ್ಯಾರ್ಥಿಯೊಬ್ಬನು ಮೊದಲ ಸಲ ಪ್ರಶ್ನೆ ಕೇಳಿ, ಕಾರಣ ತಿಳಿಯದೆ ಐದು ಋಣಾಂಕಗಳನ್ನು ಪಡೆದರೆ ಅವನು ಕಲಿಯುವುದೇನು? ತಪ್ಪೆಲ್ಲಿ ಎಂಬುದನ್ನು ಸಂಖ್ಯೆ ಹೇಳಲಾರದು.

ಎರಡಕ್ಕೆ ಎರಡು, ನೂರಕ್ಕೆ ತೊಂಬತ್ತು

ಇನ್ನೊಂದು ತೊಡಕನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ನೋಡಬಹುದು. ಒಂದು ಬರಹವನ್ನು ಇಬ್ಬರು ತೂಗಿನೋಡಿ ಇಬ್ಬರೂ ಮೆಚ್ಚಿದರು. ಇನ್ನೊಂದನ್ನು ನೂರು ಜನ ನೋಡಿ ತೊಂಬತ್ತು ಜನ ಮೆಚ್ಚಿದರು. ಶೇಕಡಾವಾರು ನೋಡಿದರೆ ಮೊದಲನೆಯದೇ ಮೇಲು. ಇಬ್ಬರ ಸಾಕ್ಷ್ಯವನ್ನು ಅಷ್ಟೊಂದು ನಂಬಬಹುದೆ? ಲಾಪ್ಲಾಸ್ ಎಂಬ ಗಣಿತಜ್ಞನ ಸೂತ್ರದಂತೆ ಮೆಚ್ಚಿದವರ ಸಂಖ್ಯೆಗೆ 1ನ್ನೂ ಒಟ್ಟು ಸಂಖ್ಯೆಗೆ 2ನ್ನೂ ಕೂಡಿಸಿ ಭಾಗಿಸೋಣ. ಮೊದಲನೆಯದಕ್ಕೆ 3/4, ಅಂದರೆ ನೂರಕ್ಕೆ 75. ಎರಡನೆಯದಕ್ಕೆ 91/102, ಅಂದರೆ ನೂರಕ್ಕೆ 89. ಈಗ ಎರಡನೆಯದೇ ಮೇಲಾಯಿತು. ಸಾಕ್ಷ್ಯ ಕಡಿಮೆಯಿದ್ದಾಗ ತೀರ್ಪನ್ನು ಬಿಗಿಹಿಡಿಯಬೇಕೆಂಬ ವಿವೇಕವೇ ಈ ಸೂತ್ರದ ತಿರುಳು.

ಕೆಲವು ಉಪಾಯಗಳು

ಅನುಭವಿಗಳಾದ ಕೂಟದವರು ಈ ದೋಷಗಳನ್ನು ಕಂಡು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದಾರೆ. ಸ್ಲಾಶ್‌ಡಾಟ್ ಎಂಬ ಕೂಟದಲ್ಲಿ ಅಂಕ ಕೊಡುವ ಅಧಿಕಾರವನ್ನು ಎಲ್ಲರಿಗೂ ಎಲ್ಲ ಕಾಲಕ್ಕೂ ಕೊಡದೆ, ಆಗಾಗ ಕೆಲವರಿಗೆ ಕೆಲವೇ ಅಂಕಗಳನ್ನು ಹಂಚಿದರು. ಮೊತ್ತ ಐದಕ್ಕಿಂತ ಮೇಲೇರದಂತೆ ಮಿತಿಯಿಟ್ಟರು. 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ಕೂಟದಲ್ಲಿ ಇನ್ನೊಬ್ಬನ ಉತ್ತರಕ್ಕೆ ಋಣಾಂಕ ಕೊಡುವವನು ತನ್ನ ಅಂಕಗಳಲ್ಲಿಯೂ ಒಂದನ್ನು ಕಳೆದುಕೊಳ್ಳಬೇಕು. ತನಗೂ ನಷ್ಟವಿದೆಯೆಂದಾಗ ಕೈ ತಡೆದು ಯೋಚಿಸುತ್ತದೆ. ಹೊಸ ಬರಹದ ಮೊತ್ತವನ್ನು ಸ್ವಲ್ಪ ಕಾಲ ಮರೆಮಾಡುವುದು ಇನ್ನೊಂದು ಉಪಾಯ. ಇದು ಗಾಲ್ಟನ್ ಕಂಡ ಚೀಟಿಯ ಸ್ವಾತಂತ್ರ್ಯವನ್ನು ಓದುಗನಿಗೆ ಮರಳಿ ಕೊಡುತ್ತದೆ.

ಹಾಗಾದರೆ ನಮ್ಮ ತೀರ್ಮಾನವೇನು? ಅಂಕ ಕೊಡುವ ಪದ್ಧತಿಯನ್ನು ತೀರ ತೆಗೆದುಹಾಕಿದರೆ ಸಾವಿರ ಬರಹಗಳ ನಡುವೆ ಒಳ್ಳೆಯದು ಮುಳುಗಿಹೋಗುತ್ತದೆ. ಇಟ್ಟುಕೊಳ್ಳುವುದಾದರೆ ಮೊತ್ತವನ್ನು ಮೊದಮೊದಲು ಮರೆಮಾಡಬೇಕು. ಋಣಾಂಕಕ್ಕೆ ಕಾರಣವನ್ನು ಕೇಳಬೇಕು. ಅಲ್ಪ ಸಾಕ್ಷ್ಯದಿಂದ ಯಾರನ್ನೂ ಏರಿಸಲೂ ಬಾರದು, ಇಳಿಸಲೂ ಬಾರದು. ಒಂದು ಲೆಕ್ಕದ ಉತ್ತರ ಸರಿಯೆ ಎಂಬಂಥ, ಪರೀಕ್ಷಿಸಿ ನೋಡಬಹುದಾದ ವಿಷಯಗಳಲ್ಲಿ ಈ ಪದ್ಧತಿ ಹೆಚ್ಚು ಉಪಯುಕ್ತ. ಅಭಿಪ್ರಾಯಭೇದಕ್ಕೆ ಎಡೆಯಿರುವ ವಿಷಯಗಳಲ್ಲಿ ಅಂಕವು ಎಷ್ಟು ಮಂದಿ ಒಪ್ಪಿದರೆಂಬುದನ್ನು ಹೇಳೀತೇ ಹೊರತು ಯಾರು ಸರಿಯೆಂಬುದನ್ನು ಹೇಳಲಾರದು.

ನೀವೇ ಮಾಡಿ ನೋಡಿ

ಗಾಜಿನ ಭರಣಿಯೊಂದರಲ್ಲಿ ಕಡಲೆಕಾಳುಗಳನ್ನು ಎಣಿಸಿ ತುಂಬಿರಿ. ತರಗತಿಯನ್ನು ಎರಡು ಗುಂಪು ಮಾಡಿ, ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿರಿ. ಮೊದಲ ಗುಂಪಿನವರು ಕಾಳುಗಳ ಸಂಖ್ಯೆಯನ್ನು ಊಹಿಸಿ ಯಾರಿಗೂ ತೋರಿಸದೆ ಚೀಟಿಯಲ್ಲಿ ಬರೆಯಲಿ. ಎರಡನೆಯ ಗುಂಪಿನವರು ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಹೇಳಲಿ. ಪ್ರತಿಯೊಂದನ್ನೂ ಕರಿಹಲಗೆಯ ಮೇಲೆ ಬರೆಯಿರಿ. ಬಳಿಕ ಎರಡು ಗುಂಪುಗಳ ನಡುಸಂಖ್ಯೆಗಳನ್ನು ನಿಜದ ಸಂಖ್ಯೆಯೊಡನೆ ಹೋಲಿಸಿರಿ. ಯಾವ ಗುಂಪಿನ ಊಹೆಗಳು ಒಂದಕ್ಕೊಂದು ಹತ್ತಿರವಾಗಿವೆ, ಯಾವುದು ನಿಜಕ್ಕೆ ಹತ್ತಿರವಾಗಿದೆ ಎಂಬುದನ್ನು ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಿರಿ. ಈ ಪ್ರಯೋಗವನ್ನು ನಾಲ್ಕಾರು ಸಲ ಮಾಡಿದವರಿಗೆ, ಎಲ್ಲರೂ ಒಂದೇ ಮಾತನ್ನು ಹೇಳುವುದಕ್ಕೂ ಆ ಮಾತು ನಿಜವಾಗಿರುವುದಕ್ಕೂ ಇರುವ ವ್ಯತ್ಯಾಸವನ್ನು ಬೇರೆ ಯಾರೂ ವಿವರಿಸಬೇಕಾಗುವುದಿಲ್ಲ.