ಮುಳುಗಡೆ ಊರಿನ ಮಕ್ಕಳಿಗೆ 60 ಚಿತ್ರ

ಟೀಚರ್, ಮುಳುಗಡೆಯಾದ ಹಳೇ ಬಾಗಲಕೋಟೆಯಿಂದ ಬಂದವರ ನವನಗರದ ಮಕ್ಕಳಿಗೆ ವಲಸೆಯ ಪಾಠ ಮಾಡಲು ಆನ್‌ಲೈನಿನಲ್ಲಿ ಏನು ನೋಡಲಿ ಎಂದಿದ್ದೀರಿ. ಚಿತ್ರಕಾರ ಜೇಕಬ್ ಲಾರೆನ್ಸ್ ಅವರ ‘ಮೈಗ್ರೇಷನ್ ಸೀರೀಸ್’ ನೋಡಿ. ಅಮೆರಿಕದ ದಕ್ಷಿಣದಿಂದ ಉತ್ತರದ ನಗರಗಳಿಗೆ ಗುಳೆ ಹೊರಟ ಕಪ್ಪು ಜನರ ಕಥೆ, 1940-41ರ ಕೆಲಸ, ಒಟ್ಟು 60 ಚಿತ್ರ. ಬೆಸ ಸಂಖ್ಯೆಯವು ವಾಷಿಂಗ್ಟನ್ನಿನ ಫಿಲಿಪ್ಸ್ ಕಲೆಕ್ಷನ್‌ನಲ್ಲಿ, ಸಮ ಸಂಖ್ಯೆಯವು ನ್ಯೂಯಾರ್ಕಿನ ಮೋಮಾ ಕಲಾ ಸಂಗ್ರಹಾಲಯದಲ್ಲಿ. ಇಂಟರ್‌ನೆಟ್ಟಿನಲ್ಲಿ 60ನ್ನೂ ನೋಡಬಹುದು.

ಎಲ್ಲವನ್ನೂ ಒಂದೇ ದಿನ ತೋರಿಸಬೇಡಿ, ಮಕ್ಕಳು ಬೆರಳಾಡಿಸಿ ಮುಗಿಸಿಬಿಡುತ್ತಾರೆ. ಮೊದಲನೆಯದೊಂದೇ ಸಾಕು: ರೈಲು ನಿಲ್ದಾಣದ ನೂಕುನುಗ್ಗಲು, ಮೇಲೆ ಷಿಕಾಗೋ, ನ್ಯೂಯಾರ್ಕ್, ಸೇಂಟ್ ಲೂಯಿಸ್ ಎಂಬ ಫಲಕಗಳು. ಅಡಿಬರಹ ಮುಚ್ಚಿಟ್ಟು, ಇವರೆಲ್ಲ ಎಲ್ಲಿಗೆ ಹೊರಟಿದ್ದಾರೆ ಎಂದು ಕೇಳಿ.

ಆಮೇಲೆ ಮನೆಯಲ್ಲಿ ಅಜ್ಜಿಯನ್ನು ವಿಚಾರಿಸಿ ಬರಲಿ: ಹಳೇ ಬಾಗಲಕೋಟೆಯ ಮನೆ ಬಿಡುವಾಗ ಏನು ಹೊತ್ತು ತಂದಿರಿ? ಒರಳೋ, ಬಾಗಿಲ ಚೌಕಟ್ಟೋ, ಅದನ್ನೇ ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಬಿಡಿಸಲಿ. ಕೆಳಗೆ ಒಂದು ವಾಕ್ಯ. ಹೇಳಲೊಲ್ಲದ ಮನೆಯವರನ್ನು ಕೆದಕುವುದು ಬೇಡ. ಬಣ್ಣ ನಾಲ್ಕೇ ಇರಲಿ. ಲಾರೆನ್ಸ್ ಒಂದು ಬಣ್ಣ ಕಲಸಿ ಎಲ್ಲ ಹಲಗೆಗಳಿಗೂ ಹಚ್ಚಿ, ನಂತರ ಮುಂದಿನದಕ್ಕೆ ಹೋಗುತ್ತಿದ್ದರು. ನೀವೂ ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿಟ್ಟು ಹಾಗೇ ಮಾಡಿಸಿ. ನೆಟ್ ಕೈಕೊಡುವ ದಿನಕ್ಕೆಂದು ಚಿತ್ರವನ್ನು ಹಿಂದಿನ ರಾತ್ರಿಯೇ ಫೋನಿಗೆ ಇಳಿಸಿಕೊಳ್ಳಿ.