ಕ್ಯಾಸೆಟ್ ನುಂಗುವ ಟೇಪ್ ರೆಕಾರ್ಡರ್

ಹಳೆಯ ಟೇಪ್ ರೆಕಾರ್ಡರ್ ಕೈಕೊಟ್ಟಿತೆಂದರೆ ಹೆಚ್ಚಿನವರಿಗೆ ಮೊದಲು ಸಂಶಯ ಬರುವುದು ಮೋಟಾರಿನ ಮೇಲೆ, ಇಲ್ಲವೇ ಸರ್ಕ್ಯೂಟಿನ ಮೇಲೆ. ಮನೆಯಲ್ಲಿ ಉಳಿದಿದ್ದ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಕೂತ ನನಗೆ ಸಿಕ್ಕ ಉತ್ತರವೇ ಬೇರೆ. ತೊಂದರೆಯೆಲ್ಲ ಬಹುಮಟ್ಟಿಗೆ ರಬ್ಬರಿನದು, ಇಲ್ಲವೇ ಕೊಳೆಯದು.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಕ್ಯಾಸೆಟ್‌ನ ಲೆಕ್ಕ ಬಲು ಬಿಗಿ. ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ, ಧ್ವನಿಯನ್ನು ಓದುವ ಹೆಡ್ಡನ್ನು ಸವರಿಕೊಂಡು ಸಾಗಬೇಕು. ಅದನ್ನು ಎಳೆಯುವುದು ಕ್ಯಾಪ್‌ಸ್ಟನ್ ಎಂಬ ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಂಡ ರಬ್ಬರಿನ ಪಿಂಚ್ ರೋಲರ್. ವೇಗ ಶೇ. 6ರಷ್ಟು ಇಳಿದರೆ ಸಾಕು, ಕಪ್ಪು ಮೂರರ ಶ್ರುತಿಯಲ್ಲಿ ಹಾಡಿದ ಭಾಗವತರು ಬಿಳಿ ನಾಲ್ಕಕ್ಕೆ ಜಾರುತ್ತಾರೆ!

ಸ್ವರ ತೂಗಾಡಿದರೆ ನೋಡಬೇಕಾದ್ದು ಬೆಲ್ಟು. ಕೆಲವು ಸಡಿಲವಾಗಿರುತ್ತವೆ, ಕೆಲವು ಕರಗಿ ಡಾಂಬರಿನಂತೆ ಪುಲ್ಲಿಗೆ ಅಂಟಿ, ಮುಟ್ಟಿದ ಬೆರಳನ್ನೂ ಬಿಡುವುದಿಲ್ಲ. ಆ ಅಂಟನ್ನು ಪೂರ್ತಿ ಒರೆಸದೆ ಹೊಸ ಬೆಲ್ಟು ಹಾಕಿದರೆ ತೂಗಾಟ ನಿಲ್ಲದು.

ಟೇಪು ಸಿಕ್ಕಿಹಾಕಿಕೊಳ್ಳುವುದಕ್ಕೆ ಕಾರಣ ಸಾಮಾನ್ಯವಾಗಿ ಬಲಗಡೆಯ ಚಕ್ರ. ರೋಲರ್ ಟೇಪನ್ನು ಮುಂದೆ ತಳ್ಳುತ್ತಲೇ ಇರುತ್ತದೆ, ಆ ಚಕ್ರ ಸುತ್ತಿಕೊಳ್ಳುವುದಿಲ್ಲ. ಉಳಿದ ಟೇಪು ರೋಲರಿಗೇ ಸುತ್ತಿಕೊಳ್ಳುತ್ತದೆ. ಹಾಗಾಗಿ ಮೊದಲು ಬೇಡದ ಕ್ಯಾಸೆಟ್ ಒಂದನ್ನು ಹಾಕಿ ಆ ಚಕ್ರದ ಮೇಲೆ ಕಣ್ಣಿಡುವುದು ಒಳ್ಳೆಯದು. ಒಂದೇ ಕ್ಯಾಸೆಟ್ ತೊಡಕು ಕೊಟ್ಟು ಉಳಿದವು ಸರಿಯಾಗಿ ಓಡಿದರೆ ಯಂತ್ರವನ್ನು ಬಿಚ್ಚುವುದೇ ಬೇಡ. ವರ್ಷಗಟ್ಟಲೆ ಸುಮ್ಮನಿದ್ದ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ಎಷ್ಟೋ ಸಲ ಬಿಗಿ ಸಡಿಲುತ್ತದೆ.

ಧ್ವನಿ ಮಂಕಾದರೆ? ಹೆಡ್ಡಿನ ಮೇಲೆ ಕಂದು ಪುಡಿ ಕೂತಿರುತ್ತದೆ, ಟೇಪಿನಿಂದ ಉದುರಿದ ಕಬ್ಬಿಣದ ಆಕ್ಸೈಡ್ ಅದು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಬೇಕು. ಆಮೇಲೂ ಚಕ್ರತಾಳದ ಝಣತ್ಕಾರ ಮೊಂಡಾಗಿಯೇ ಕೇಳಿಸಿದರೆ ಹೆಡ್ಡಿನ ಓರೆ ಹೊಂದುತ್ತಿಲ್ಲ ಎಂದರ್ಥ. ಧ್ವನಿಮುದ್ರಣ ಮಾಡಿದ ಯಂತ್ರದ ಹೆಡ್ಡು ತುಸು ಬೇರೆ ಕೋನದಲ್ಲಿದ್ದಿರಬಹುದು. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂವನ್ನು, ಅದು ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಂಡು, ಕೂದಲೆಳೆಯಷ್ಟು ತಿರುಗಿಸಿದರೆ ತಾಳ ಸ್ಪಷ್ಟವಾಗುತ್ತದೆ. ಇದು ಕೊನೆಯ ಉಪಾಯ. ಕೊಳೆ ಒರೆಸುವ ಮೊದಲೇ ಸ್ಕ್ರೂಡ್ರೈವರ್ ಹಿಡಿಯುವವರಿಂದ ಯಂತ್ರವನ್ನು ದೂರವಿಡುವುದೇ ಕ್ಷೇಮ.

ಕರಾವಳಿಯ ಮಳೆಗಾಲಕ್ಕೆ ಇನ್ನೊಂದು ಕಾಟವಿದೆ: ಬೂಷ್ಟು. ಕ್ಯಾಸೆಟ್‌ನ ಕಿಟಕಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ಯಂತ್ರಕ್ಕೆ ಹಾಕಲೇಬಾರದು, ಬೂಷ್ಟು ಹೆಡ್ಡಿಗೂ ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ಎರಡು ಗಂಟೆಯ ಸಿ-120 ಕ್ಯಾಸೆಟ್‌ಗಳ ಟೇಪು ಸುಮಾರು 9 ಮೈಕ್ರಾನ್ ದಪ್ಪ, ಸಿ-60ರದರ ಅರ್ಧ; ಅಷ್ಟು ತೆಳುವಾದ್ದರಿಂದ ಬೇಗ ಹಿಗ್ಗುತ್ತದೆ, ಹರಿಯುತ್ತದೆ. ಇಡೀ ಪ್ರಸಂಗ ಹಿಡಿಯಲೆಂದು ಇಂಥವನ್ನೇ ಕೊಂಡವರು ಯಂತ್ರ ಸರಿಯಾದ ದಿನವೇ ಮೊದಲು ಅವುಗಳ ನಕಲು ತೆಗೆದಿಟ್ಟುಕೊಳ್ಳಲಿ.