ಹಾರುವ ಚಾಪೆಗೆ 16.7 ಮಿಲಿಸೆಕೆಂಡ್ ಗಡುವು

ಈಗ ವಿಆರ್ ಅಂದರೆ ತಲೆಗೆ ಹಾಕಿಕೊಳ್ಳೋ ಒಂದು ಹೆಡ್‌ಸೆಟ್, ಅಷ್ಟೇ. ಎಷ್ಟೋ ಸಲ ಕಂಪ್ಯೂಟರೂ ಅದರೊಳಗೇ ಇರುತ್ತೆ. ಆದರೆ 1994ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿರೋ ಎಪ್ಕಾಟ್ ಪಾರ್ಕ್‌ನಲ್ಲಿ ಡಿಸ್ನಿಯವರು ಅಲ್ಲಾದೀನನ ಹಾರುವ ಚಾಪೆಯ ವಿಆರ್ ಆಟವನ್ನು ಜನರ ಮುಂದಿಟ್ಟಾಗ ಕಥೆ ಬೇರೆ ಇತ್ತು. ಪ್ರೇಕ್ಷಕರು ಬೈಕ್ ಸೀಟಿನಂಥ ಸೀಟಿನ ಮೇಲೆ ಕೂತು, ತಲೆಗೆ ಹೆಲ್ಮೆಟ್‌ನಂಥ ಪರದೆ ಹಾಕಿಕೊಂಡು ಚಾಪೆ ಓಡಿಸಬೇಕಿತ್ತು. ಹಿಂದೆ ಚಿತ್ರ ಬರೆಯುತ್ತಿದ್ದದ್ದು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಓನಿಕ್ಸ್ ಎಂಬ ದೊಡ್ಡ, ದುಬಾರಿ ಯಂತ್ರ.

ಅಷ್ಟು ದೊಡ್ಡ ಯಂತ್ರ ಯಾಕೆ ಬೇಕಿತ್ತು? ಒಂದು ಸಣ್ಣ ಲೆಕ್ಕ ಮಾಡೋಣ.

ನೀವು ಸೆಕೆಂಡಿಗೆ 90 ಡಿಗ್ರಿ ವೇಗದಲ್ಲಿ ತಲೆ ತಿರುಗಿಸುತ್ತೀರಿ ಅಂದುಕೊಳ್ಳಿ. ಕಂಪ್ಯೂಟರ್ ಸೆಕೆಂಡಿಗೆ 20 ಫ್ರೇಮ್ ಬರೆದರೆ ಒಂದೊಂದು ಫ್ರೇಮಿಗೂ 50 ಮಿಲಿಸೆಕೆಂಡ್. ಅಷ್ಟರಲ್ಲಿ ತಲೆ 4.5 ಡಿಗ್ರಿ ತಿರುಗಿರುತ್ತೆ, ಚಿತ್ರ ಮಾತ್ರ ಹಳೇ ಜಾಗದಲ್ಲೇ. ಅದೇ 60 ಫ್ರೇಮ್ ಆದರೆ 16.7 ಮಿಲಿಸೆಕೆಂಡ್, ವ್ಯತ್ಯಾಸ 1.5 ಡಿಗ್ರಿ. ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳಿದರೆ ತಲೆ ಸುತ್ತು, ವಾಕರಿಕೆ ಶುರು. ಹಾಗಾಗಿ ಡಿಸ್ನಿ ತಂಡ ಸೆಕೆಂಡಿಗೆ 60 ಫ್ರೇಮ್ ಬರೆಯುವ ವ್ಯವಸ್ಥೆ ಮಾಡಿತು. ಅದೂ ಎರಡು ಕಣ್ಣಿಗೆ ಎರಡು ಬೇರೆ ಬೇರೆ ಚಿತ್ರ.

ಇಲ್ಲೇ ಅಸಲಿ ಪಾಠ ಇರೋದು. ಯಂತ್ರ ಎಷ್ಟೇ ದೊಡ್ಡದಾದರೂ 16.7 ಮಿಲಿಸೆಕೆಂಡ್ ಹಿಗ್ಗಲ್ಲ. ಅದಕ್ಕೇ ಗ್ರಾಫಿಕ್ಸ್‌ನಲ್ಲಿ ಒಂದು ಜಿಪುಣತನ ಬೇಕು: ಒಂದೇ ಪಾತ್ರಕ್ಕೆ ಎರಡು ಮೂರು ಮಾದರಿ ಮಾಡಿಟ್ಟು, ಹತ್ತಿರ ಬಂದಾಗ ಹೆಚ್ಚು ತ್ರಿಕೋನಗಳಿರೋದನ್ನು, ದೂರ ಹೋದಾಗ ಕಡಿಮೆ ಇರೋದನ್ನು ಬರೆಯೋದು. ಗೋಡೆ ಹಿಂದೆ ಇರೋದನ್ನು ಬರೆಯೋದೇ ಇಲ್ಲ. ಕಾಣದೇ ಇರೋದಕ್ಕೆ ಸಮಯ ಯಾಕೆ ಖರ್ಚು ಮಾಡಬೇಕು?

ಇನ್ನೊಂದು ವಿಷಯ: ಸರಾಸರಿ ನೋಡಿ ಮೋಸ ಹೋಗಬಾರದು. ಸೆಕೆಂಡಿನಲ್ಲಿ ಬಹುತೇಕ ಫ್ರೇಮ್‌ಗಳು ಸಮಯಕ್ಕೆ ಸರಿಯಾಗಿ ಬಂದು, ಒಂದೇ ಒಂದು 100 ಮಿಲಿಸೆಕೆಂಡ್ ತಗೊಂಡರೂ ನೋಡುವವರಿಗೆ ಜಗತ್ತೇ ಒಂದು ಕ್ಷಣ ಸಿಕ್ಕಿಹಾಕಿಕೊಂಡಂತೆ ಅನ್ನಿಸುತ್ತೆ. ಆದ್ದರಿಂದ ಅಳೆಯಬೇಕಾದ್ದು ಅತೀ ನಿಧಾನದ ಫ್ರೇಮನ್ನು.

14 ತಿಂಗಳಲ್ಲಿ 45,000ಕ್ಕೂ ಹೆಚ್ಚು ಜನ ಆ ಚಾಪೆ ಹತ್ತಿದರು. ರ್‍ಯಾಂಡಿ ಪಾಶ್ ಮತ್ತು ಡಿಸ್ನಿ ತಂಡದವರು 1996ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಒಂದು ತಮಾಷೆಯ ಸಂಗತಿ ಇದೆ: ಇಷ್ಟೆಲ್ಲಾ ಕಷ್ಟಪಟ್ಟು ಸುತ್ತಲೂ ಜಗತ್ತು ಕಟ್ಟಿದರೂ ಜನ ತಲೆಯನ್ನು ಅಷ್ಟಾಗಿ ತಿರುಗಿಸುತ್ತಲೇ ಇರಲಿಲ್ಲ! ತಿರುಗಿ ನೋಡೋ ಶಕ್ತಿಯನ್ನು ಹಾರ್ಡ್‌ವೇರ್ ಕೊಡಬಹುದು, ನೋಡಬೇಕು ಅನ್ನೋ ಕಾರಣವನ್ನು ಕಥೆಯೇ ಕೊಡಬೇಕು.

ಅದೇ ಸಿಲಿಕಾನ್ ಗ್ರಾಫಿಕ್ಸ್ 1992ರಲ್ಲಿ ಹೊರತಂದದ್ದೇ ಓಪನ್‌ಜಿಎಲ್. ಗ್ರಾಫಿಕ್ಸ್ ಲ್ಯಾಬ್‌ನಲ್ಲಿ ಅದರಿಂದ ಒಂದು ಕ್ಯೂಬ್ ತಿರುಗಿಸುವಾಗ ಔಟ್‌ಪುಟ್ ಬಂತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಪ್ರತಿ ಫ್ರೇಮಿನ ಸಮಯವನ್ನೂ ಪ್ರಿಂಟ್ ಮಾಡಿ ನೋಡಿ. 16.7 ದಾಟಿದ್ದು ಯಾವುದು, ಯಾಕೆ ಅಂತ ಹುಡುಕೋಕೆ ಹೊರಟರೆ ಗ್ರಾಫಿಕ್ಸ್‌ನ ನಿಜವಾದ ಅಭ್ಯಾಸ ಅಲ್ಲಿಂದಲೇ ಶುರು.